ಕೆಂಪಿ ಕಾವಿಗೆ ಕೂತ ದಿನಗಳು

ಆ ಕೋಳಿಗಳು ನಮ್ಮವಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಎರಡನೇ ಸಲ ಕೊರೊನಾ ಬಂದ ಆ ಬೇಸಿಗೆಯಲ್ಲಿ ನಮ್ಮ ನಂಟರೆಲ್ಲ, "ಏಕಾಂತಯ್ಯನವರ ಮನೇಲಿ ಕೋಳಿ ಸಾಕಿದಾರಂತೆ" ಅಂತ ಫೋನಿನಲ್ಲೇ ಆಡಿಕೊಂಡರು. ಲಿಂಗ ಕಟ್ಟಿಕೊಂಡ ಮನೆ ನಮ್ಮದು. ಮೊಟ್ಟೆ ಅನ್ನುವ ಮಾತನ್ನೂ ಅಡುಗೆಮನೆಯಲ್ಲಿ ಆಡಿದವರಲ್ಲ.

ಕೋಳಿಗಳು ಮರಿಯಣ್ಣನವು. ಚಾಮರಾಜಪೇಟೆಯಲ್ಲಿ ನಮ್ಮ ಮನೆಯ ಹಿತ್ತಿಲಿನಲ್ಲಿ ಒಂದು ಶೀಟಿನ ಮನೆಯಿದೆ. ಅದರಲ್ಲಿ ಆರು ವರ್ಷದಿಂದ ಬಾಡಿಗೆಗೆ ಇದ್ದ. ಹೆಣ ಸಾಗಿಸುವ ವ್ಯಾನಿನ ಡ್ರೈವರು. ಒಂದು ಹುಂಜ, ಈಗಷ್ಟೇ ಮೊಟ್ಟೆಗೆ ಬಂದ ಎರಡು ಎಳೇ ಹ್ಯಾಟೆ, ಕೆಂಪಿ ಅಂತ ಒಂದು ದೊಡ್ಡ ಹೇಂಟೆ. ಮುಂದಿನ ಕೋಣೆಯಲ್ಲಿ ನಮ್ಮ ಯಜಮಾನರದು ಪುಸ್ತಕ ಬೈಂಡಿಂಗ್ ಕೆಲಸ. ಮಿಕ್ಕ ಮೈದಾ ಅಂಟನ್ನು ಹಿತ್ತಿಲಿಗೆ ಎಸೆಯುತ್ತಿದ್ದರು. ಕೋಳಿಗಳು ಅದಕ್ಕೆ ಕಾದು ನಿಂತಿರುತ್ತಿದ್ದವು. "ನೋಡೇ, ಇವಕ್ಕೂ ಬೈಂಡಿಂಗ್ ಆಗ್ತಿದೆ ಒಳಗಡೆ" ಅನ್ನುವರು. ನಾನು ಮಾತ್ರ ಆ ಕಡೆ ಸುಳಿಯುತ್ತಿರಲಿಲ್ಲ.

ಯುಗಾದಿ ಆದ ಮಾರನೇ ದಿನ ಕೆಂಪಿ ಕಾವಿಗೆ ಕೂತಳು. ಅದರ ಎರಡು ದಿನಕ್ಕೇ ಮರಿಯಣ್ಣ ಹೆಂಡತಿ ಮಕ್ಕಳನ್ನು ಮಾಗಡಿ ಕಡೆ ಅವಳ ತವರಿಗೆ ಕಳಿಸಿದ. ತಾನು ಮನೆಗೆ ಬರುವುದನ್ನೇ ಬಿಟ್ಟ. ದಿನಕ್ಕೆ ಹತ್ತು ಹನ್ನೆರಡು ಹೆಣ, ರೋಗ ಹೊತ್ತು ತಂದು ನಿಮಗೆಲ್ಲ ಹಚ್ಚಬಾರದು ಅಂತ ವ್ಯಾನಿನಲ್ಲೇ ಮಲಗುತ್ತಿದ್ದ. ಅಲ್ಲಿಂದ ನನಗೆ ಫೋನು ಮಾಡಿದ.

"ಅಮ್ಮಾ, ಕೆಂಪಿ ಹೊಟ್ಟೆ ಕೆಳ್ಗೆ ಹನ್ನೊಂದು ಮೊಟ್ಟೆ ಮಡಗಿವ್ನಿ. ಎಲ್ಲಾದಕ್ಕೂ ಇದ್ದಿಲಲ್ಲಿ ಗೀಟ್ ಹಾಕಿವ್ನಿ. ಹ್ಯಾಟೆಗಳು ಬಂದು ಅದೇ ಬುಟ್ಟೀಲಿ ಇಟ್ರೆ, ಗೀಟ್ ಇಲ್ದಿರೋದನ್ನ ತೆಗೆದುಬುಡಿ. ಆಮೇಲೆ ದಿನಕ್ಕೊಂದ್ ಸಲ ಅವಳನ್ನ ಎತ್ತಿ ಕೆಳಕ್ ಬುಡಬೇಕು."

"ಯಾಕಪ್ಪ, ಅದಕ್ಕೇ ಎದ್ದು ಬರೋಕಾಗಲ್ವಾ?"

"ಮರ್ತೋಯ್ತಾಳೆ ಅಮ್ಮ. ಕಾವಿಗ್ ಕೂತ್ರೆ ಅವಳಿಗೆ ಅನ್ನ ನೀರು ಗ್ಯಾಪ್ಕ ಇರಲ್ಲ. ಬುಟ್ರೆ ಕೂತ್ಕಂಡೇ ಸತ್ತೋಯ್ತಾಳೆ."

"ನಾನು ಮುಟ್ಟಬೇಕೇನಪ್ಪ ಅದನ್ನ?"

"ಕೋಳಿ ಕಣಮ್ಮ. ಹೆಣ ಅಲ್ವಲ್ಲ" ಅಂದ. ನಕ್ಕ ಹಾಗೆ ಕೇಳಿಸಿತು.

ಮೊದಲ ದಿನ ಯಜಮಾನರ ಹಳೇ ಟವಲು ಕೈಗೆ ಸುತ್ತಿಕೊಂಡು ಹೋದೆ. ಶೀಟಿನ ಮನೆಯೊಳಗೆ, ಮೂಲೆಯಲ್ಲಿ ಮಂಕರಿ, ಅದರಲ್ಲಿ ಮರಳು, ಹುಲ್ಲು. ಕೆಂಪಿ ಗರಿಯೆಲ್ಲ ಉಬ್ಬಿಸಿಕೊಂಡು ಗುರ್ ಅಂದಳು. ಎತ್ತಿದೆ. ಇಷ್ಟು ದೊಡ್ಡ ಮೈ, ಹಗುರ ಅಂದರೆ ಹಗುರ. ಟವಲಿನ ಮೇಲೇ ಕುಕ್ಕಿದಳು. ಹೊಟ್ಟೆಯ ಕೆಳಗೆ ಮಾತ್ರ ಬಾಣಂತಿಯ ಹಾಸಿಗೆಯ ಹಾಗೆ ಬಿಸಿ. ಹೊರಗೆ ತಂದು ಬಿಟ್ಟೆ. ಒಂದು ಗಳಿಗೆ ಕಲ್ಲಿನ ಹಾಗೆ ನಿಂತಿದ್ದು, ಆಮೇಲೆ ಎಲ್ಲವೂ ಒಟ್ಟಿಗೇ ನೆನಪಾದವಳಂತೆ ನುಚ್ಚು ತಿಂದಳು, ನೀರು ಕುಡಿದಳು, ಅಷ್ಟು ದೂರಕ್ಕೆ ನಾರುವ ಹಾಗೆ ಹಿಕ್ಕೆ ಹಾಕಿದಳು, ಮಣ್ಣಿನಲ್ಲಿ ಹೊರಳಿದಳು. ಕಾಲು ಗಂಟೆ ಆಗುವಷ್ಟರಲ್ಲಿ ಓಡಿ ಹೋಗಿ ಮತ್ತೆ ಕೂತುಬಿಟ್ಟಳು.

"ಹೊಸ ಸೊಸೆ ಊಟ ಮಾಡಿದಳೇನೇ?" ಅಂತ ಯಜಮಾನರು ಕಿಟಕಿಯಿಂದ ಕೇಳಿದರು.

ಮಹಡಿಯ ಮೇಲೆ ನನ್ನ ಮೈದುನ ವಿಶ್ವಾರಾಧ್ಯನ ಸಂಸಾರ. ಅವನು ಕಟಕಟೆ ಹಿಡಿದು ಬಗ್ಗಿ ನೋಡುತ್ತಿದ್ದ. "ಅತ್ತಿಗೆ, ಇವತ್ತು ಕೋಳಿ ಎತ್ತಿದ್ರಿ. ನಾಳೆ ಸಾರು ಮಾಡೋದೂ ಕಲೀತೀರಿ ಬಿಡಿ."

"ಮಾಡಿದ್ರೆ ಮೊದಲ ಬಟ್ಟಲು ನಿನಗೇ ಕಳಿಸ್ತೀನಿ ಕಣಪ್ಪ" ಅಂದೆ.

ದಿನಗಳ ಲೆಕ್ಕ ಆಗ ಯಾರಿಗೂ ಸಿಗುತ್ತಿರಲಿಲ್ಲ. ಯಾವ ವಾರ ಅಂತ ಕೇಳಿದರೆ ಯೋಚಿಸಬೇಕಿತ್ತು. ನಾನು ಶೀಟಿನ ಮನೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆಯತೊಡಗಿದೆ: ಮೂರು, ನಾಲ್ಕು, ಐದು. ಇಪ್ಪತ್ತೊಂದಕ್ಕೆ ಮರಿ ಒಡೆಯುತ್ತವೆ ಅಂತ ಮರಿಯಣ್ಣ ಹೇಳಿದ್ದ. ಬೀದಿಯಲ್ಲಿ ಆಂಬುಲೆನ್ಸಿನ ಸದ್ದು ಜಾಸ್ತಿಯಾಗುತ್ತಿತ್ತು. ಹಿತ್ತಿಲಿನಲ್ಲಿ ಕೋಳಿಗಳು ಮಣ್ಣು ಕೆದರುತ್ತಿದ್ದವು. ನಾವಿಬ್ಬರೂ ಮೆಟ್ಟಿಲ ಮೇಲೆ ಕೂತು ಅವನ್ನೇ ನೋಡುತ್ತಿದ್ದೆವು.

ಐದನೇ ದಿನ ಯಜಮಾನರಿಗೆ ಜ್ವರ ಬಂತು.

ಅವರು ಬೆಳಗಿನ ಪೂಜೆ ಬಿಟ್ಟವರಲ್ಲ. ಸ್ನಾನ ಮಾಡಿ, ಎಡಗೈ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು, ಬಲಗೈಯಿಂದ ನೀರೆರೆದು, ಭಸ್ಮ ಹಚ್ಚಿ, ಅದನ್ನೇ ನೋಡುತ್ತ ಕೂತರೆ ಅರ್ಧ ಗಂಟೆ. ಅದಾದ ಮೇಲೇ ಒಂದು ಲೋಟ ನೀರು. ಅದಕ್ಕೆ ಮುಂಚೆ ಹನಿ ನೀರೂ ಬಾಯಿಗೆ ಹಾಕಿದವರಲ್ಲ. ಮದುವೆಯಾದ ಐವತ್ತೆರಡು ವರ್ಷದಲ್ಲಿ ನಾನು ಕಂಡಿಲ್ಲ. ಜ್ವರದಲ್ಲೂ ಗೋಡೆಗೆ ಒರಗಿ ಕೂತು ಮಾಡಿದರು. ಎಡಗೈ ನಡುಗುತ್ತಿತ್ತು. ಲಿಂಗ ಜಾರದಿರಲಿ ಅಂತ ಮಣಿಕಟ್ಟನ್ನು ನಾನು ಹಿಡಿದುಕೊಂಡಿದ್ದೆ. ನಾಲ್ಕು ದಿನ ಹಾಗೇ ನಡೆಯಿತು.

ಒಂಬತ್ತನೇ ದಿನ ಉಸಿರು ಕಟ್ಟಿತು. ವಿಶ್ವಾರಾಧ್ಯ ಎಲ್ಲೆಲ್ಲಿಗೋ ಫೋನು ಮಾಡಿ ಒಂದು ಹಾಸಿಗೆ ಹಿಡಿದ. ಆಂಬುಲೆನ್ಸು ಬಂತು. ಮೈತುಂಬ ಪ್ಲಾಸ್ಟಿಕ್ ತೊಟ್ಟ ಇಬ್ಬರು ಒಳಗೆ ಬಂದರು. ಯಜಮಾನರಿಗೆ ಅರೆಬರೆ ಎಚ್ಚರ.

"ಅತ್ತಿಗೆ, ಕರಡಿಗೆ ಬಿಚ್ಚಿಟ್ಕೊಳ್ಳಿ!" ಅಂತ ವಿಶ್ವಾರಾಧ್ಯ ಮೇಲಿಂದ ಕೂಗಿದ. "ಅಲ್ಲಿ ಕೊರಳಲ್ಲಿ ಇರೋದೆಲ್ಲ ಕತ್ತರಿಸಿ ಕವರಿಗೆ ತುಂಬ್ತಾರಂತೆ. ಆಮೇಲೆ ಯಾರನ್ನ ಕೇಳ್ತೀರಾ? ಅಪ್ಪನ ಕಾಲದ ಬೆಳ್ಳಿ ಅದು!"

ಬಂದವರು ಅವಸರ ಮಾಡುತ್ತಿದ್ದರು. ನಾನು ಶಿವದಾರ ಎತ್ತಿ, ತಲೆಯ ಮೇಲಿಂದ ತೆಗೆದೆ. ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ. ಅವರ ಕೊರಳು ಬರಿದಾಗಿದ್ದನ್ನು ನಾನು ಅವತ್ತೇ ನೋಡಿದ್ದು. ದಾರ ಇದ್ದ ಜಾಗದಲ್ಲಿ ಬಿಳಿಯ ಗೆರೆ ಇತ್ತು. ಬೆಳ್ಳಿ ಉಳಿಸಲು ತೆಗೆದೆನೋ, ಲಿಂಗ ಉಳಿಸಲು ತೆಗೆದೆನೋ, ಈಗಲೂ ಕೇಳಿಕೊಳ್ಳುತ್ತೇನೆ. ವಿಶ್ವಾರಾಧ್ಯ ಬಾಯಲ್ಲಿ ಹೇಳಿದ ಅಷ್ಟೇ. ತೆಗೆದದ್ದು ನನ್ನ ಕೈ.

ನನಗೂ ಪಾಸಿಟಿವ್ ಅಂದರು. ಬಾಗಿಲಿಗೆ ನೋಟಿಸು ಅಂಟಿಸಿದರು. ಓರಗಿತ್ತಿ ಮೇಲಿಂದ ಹಗ್ಗ ಕಟ್ಟಿದ ಚೀಲದಲ್ಲಿ ಊಟ ಇಳಿಸುತ್ತಿದ್ದಳು. ಬೆಳಗ್ಗೆ ನನ್ನ ಪೂಜೆ ಮುಗಿದ ಮೇಲೆ ಅವರ ಲಿಂಗಕ್ಕೂ ನೀರೆರೆದು, ಆಮೇಲೆ ಹಿತ್ತಿಲಿಗೆ ಹೋಗಿ ಕೆಂಪಿಯನ್ನು ಎತ್ತುತ್ತಿದ್ದೆ. ಟವಲು ಬಿಟ್ಟಿದ್ದೆ. ಬರಿಗೈಯಲ್ಲೇ ಎತ್ತುತ್ತಿದ್ದೆ. ಕುಕ್ಕಿದ ಗಾಯ ಎರಡೂ ಕೈಮೇಲೆ.

ಹನ್ನೊಂದನೇ ದಿನ ಬೆಳಗ್ಗೆ ಆಸ್ಪತ್ರೆಯಿಂದ ಒಬ್ಬ ನರ್ಸಮ್ಮ ಫೋನು ಮಾಡಿದಳು. ಚಿಕ್ಕ ವಯಸ್ಸಿನ ದನಿ.

"ಅಜ್ಜೀ, ತಾತ ಏನೂ ತಿಂತಿಲ್ಲ. ಬಂದಾಗಿಂದ ನೀರೂ ಬಾಯಿಗೆ ಹಾಕಿಲ್ಲ. ಡ್ರಿಪ್ಪಲ್ಲೇ ಇದಾರೆ. ತಿಂದ್ರೆ ತಾನೇ ಮಾತ್ರೆ ಕೊಡೋಕಾಗೋದು? ಕೈ ಮಾತ್ರ ಹೀಗೆ ಎದೆ ಮೇಲೆ ಹುಡುಕ್ತಾ ಇರತ್ತೆ. ನೀವೊಂದ್ ಮಾತು ಹೇಳಿ."

ಫೋನನ್ನು ಅವರ ಕಿವಿಗೆ ಹಿಡಿದಳು. ಉಸಿರಿನ ಸದ್ದು ಮೊದಲು ಬಂತು.

"ಲಿಂಗ ಎಲ್ಲೇ?" ಅಂದರು.

"ಇಲ್ಲೇ ಇದೆ, ಮನೇಲಿ. ನಾನೇ ತೆಗೆದಿಟ್ಟೆ. ದಿನಾ ನೀರೆರೀತಿದೀನಿ. ನೀವು ಭಸ್ಮ ಅಂದ್ಕೊಂಡು ಹಣೆ ಮುಟ್ಟಿ, ಒಂದೆರಡು ಚಮಚ ಗಂಜಿ ಕುಡೀರಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಬರ್ಲಿ. ಆಮೇಲೆ ತಿಂತೀನಿ" ಅಂದರು. ಅಷ್ಟೇ. ಕೋಪ ಇರಲಿಲ್ಲ. ಮುಂದಿನ ಕೋಣೆಗೆ ಊಟ ತಡವಾಗಿ ತಂದರೆ ಹೇಳುತ್ತಿದ್ದ ಹಾಗೆಯೇ ಹೇಳಿದರು.

ಕರಡಿಗೆಯನ್ನು ಒಂದು ಡಬ್ಬಿಯಲ್ಲಿಟ್ಟು, ಹೆಸರು ಬರೆದು ಮೆಟ್ಟಿಲ ಮೇಲಿಟ್ಟೆ. ಮಧ್ಯಾಹ್ನ ವಿಶ್ವಾರಾಧ್ಯ ಅದನ್ನು ತೆಗೆದುಕೊಂಡು ಆಸ್ಪತ್ರೆಗೆ ಹೋದ. ಸಂಜೆ ಹಾಗೇ ವಾಪಸ್ಸು ತಂದ. ಗೇಟಿನಲ್ಲಿ ನೂರಾರು ಜನ, ಬಟ್ಟೆ ಬಿಟ್ಟು ಬೇರೇನೂ ಒಳಗೆ ತಗೊಳ್ಳುವುದಿಲ್ಲವಂತೆ. "ದೇವರು ಅಂದೆ ಅತ್ತಿಗೆ. ಆ ಗಾರ್ಡು, ಒಳಗೆ ದೇವರಿಗೂ ಜಾಗ ಇಲ್ಲ ಸಾರ್ ಅಂದ." ಕಟಕಟೆಯ ಹತ್ತಿರ ನಿಂತು ಕಣ್ಣೊರೆಸಿಕೊಂಡ. ಅಣ್ಣನ ಮೇಲೆ ಅವನಿಗೂ ಪ್ರಾಣವೇ.

ಹನ್ನೆರಡನೇ ದಿನ ಬೆಳಗ್ಗೆ ಎಂಟಕ್ಕೆ ಮರಿಯಣ್ಣನ ಫೋನು. ದಿನವೂ ಅದೇ ಮಾತು: "ಕೆಂಪಿ ಎದ್ದಳಾ ಅಮ್ಮ?" ಅವತ್ತು ನಾನು ಇವರ ಸಂಗತಿ ಎಲ್ಲ ಹೇಳಿದೆ. ಆಸ್ಪತ್ರೆ ಹೆಸರು ಕೇಳಿದ.

"ಅಲ್ಲಿಗೇ ದಿನಾ ಹೋಯ್ತೀನಲ್ಲಮ್ಮ ನಾನು. ಮುಂದಿನ ಗೇಟು ಬದುಕಿರೋರಿಗೆ. ನಂದು ಹಿಂದಿನ ಗೇಟು, ಯಾರೂ ಕೇಳಕಿಲ್ಲ. ವಾರ್ಡಿನ ಹುಡುಗರೆಲ್ಲ ಪರಿಚಯ. ಕೊಡಿ, ಅಯ್ನೋರ ಕೈಗೇ ಮುಟ್ಟಿಸ್ತೀನಿ."

ವಿಶ್ವಾರಾಧ್ಯ ಕೇಳಿಸಿಕೊಂಡಿದ್ದ. "ಅತ್ತಿಗೆ, ಏನ್ ಮಾಡ್ತಿದೀರಿ? ಹೆಣ ಹೊರೋ ಕೈಗೆ ಲಿಂಗ ಕೊಡ್ತೀರಾ? ಮಾಂಸ ತಿನ್ನೋನು!"

"ನಿಮ್ಮಣ್ಣ ಮೂರು ದಿನದಿಂದ ಉಪವಾಸ ಇದಾರೆ. ನಿನ್ನ ಕೈಲಿ ಆಗಿದ್ರೆ ನಿನಗೇ ಕೊಡ್ತಿದ್ದೆ."

"ಬೆಳ್ಳಿನಾದ್ರೂ ತೆಗೆದಿಟ್ಕೊಳ್ಳಿ."

ಬೆಳ್ಳಿ ತೆಗೆದಿಟ್ಟುಕೊಂಡೆ. ಕಪ್ಪು ಲಿಂಗವನ್ನು ಬಿಳಿಯ ವಸ್ತ್ರದಲ್ಲಿ ಸುತ್ತಿ, ಶಿವದಾರ ಕಟ್ಟಿ ಸಿದ್ಧ ಮಾಡಿದೆ.

ಅವತ್ತು ಹೊತ್ತು ಹೋಗಲೇ ಇಲ್ಲ. ಮನಸ್ಸು ತಡೆಯದೆ ಹಿತ್ತಿಲಿಗೆ ಹೋಗಿ ಕೆಂಪಿಯನ್ನು ಎತ್ತಿ ಹೊರಗೆ ಬಿಟ್ಟೆ. ಅದೇ ಹೊತ್ತಿಗೆ ಹಿಂದಿನ ಸಂದಿಯಲ್ಲಿ ವ್ಯಾನಿನ ಹಾರನ್ನು. ಎದುರು ಮನೆಯ ಗಡಿಯಾರ ಹನ್ನೆರಡು ಹೊಡೆಯುತ್ತಿತ್ತು. ಮೊಟ್ಟೆಗೆ ಬೆಕ್ಕು ಬಾಯಿ ಹಾಕೀತು ಅಂತ ಶೀಟಿನ ಮನೆಯ ಬಾಗಿಲು ಎಳೆದು ಓಡಿದೆ. ಬಿಳಿ ಗಂಟನ್ನು ಕಾಂಪೌಂಡಿನ ಮೇಲಿಟ್ಟು ದೂರ ಸರಿದೆ. ಮರಿಯಣ್ಣ ಮುಖ ಕಾಣದ ಹಾಗೆ ನೀಲಿ ಪ್ಲಾಸ್ಟಿಕ್ ಹಾಕಿಕೊಂಡಿದ್ದ. ಕೈಗೆ ಏನೋ ಹಚ್ಚಿ ಉಜ್ಜಿಕೊಂಡು, ಎರಡೂ ಕೈಯಲ್ಲಿ ಎತ್ತಿಕೊಂಡು ಕಣ್ಣಿಗೊತ್ತಿಕೊಂಡ.

"ಅವರ ಕೈಗೇ ಕೊಡಪ್ಪ" ಅಂದೆ.

"ಕೈಗೇ ಕೊಡ್ತೀನಿ ಅಮ್ಮ."

ಯಾವ ಕೈ ಅಂತ ಹೇಳಲಿಲ್ಲ. ಹೇಳಬೇಕು ಅಂತ ಅನ್ನಿಸಲೂ ಇಲ್ಲ. ಜೀವ ಇರುವ ಮನುಷ್ಯನಿಗೆ ಗೊತ್ತಿಲ್ಲವೇ, ತನ್ನ ಲಿಂಗವನ್ನು ಯಾವ ಕೈಯಲ್ಲಿ ಹಿಡಿಯಬೇಕು ಅಂತ.

ಒಳಗೆ ಬಂದು ಫೋನಿನ ಮುಂದೆ ಕೂತೆ. ಎರಡು ಗಂಟೆಗೆ ಮೋಡ ಕವಿದು ಆಲಿಕಲ್ಲು ಮಳೆ ಬಿತ್ತು. ನಾಲ್ಕಕ್ಕೆ ಫೋನು ಬಂತು.

"ಮುಟ್ಟಿಸಿದೆ ಅಮ್ಮ."

"ಕೈಗೇ ಕೊಟ್ಟೆಯಾ?"

"ಕೈಗೇ ಕೊಟ್ಟೆ."

"ತಿಂದ್ರಾ?"

"ಇಲ್ಲಿ ಗಲಾಟೆ ಐತಮ್ಮ. ಆಮೇಲ್ ಮಾಡ್ತೀನಿ" ಅಂತ ಇಟ್ಟುಬಿಟ್ಟ.

ನಾನು ಮೇಲಕ್ಕೆ ಕೂಗಿ ಹೇಳಿದೆ. ವಿಶ್ವಾರಾಧ್ಯ, "ಶಿವ ಶಿವಾ" ಅಂದ. ಮೂರು ದಿನದಿಂದ ಅನ್ನ ಬರೀ ಕಲೆಸಿ ಇಡುತ್ತಿದ್ದೆ. ಅವತ್ತು ತಟ್ಟೆ ತುಂಬ ಬಡಿಸಿಕೊಂಡು ಉಂಡೆ. ಇದನ್ನು ಹೇಳಲು ನಾಚಿಕೆಯಾಗುತ್ತದೆ. ರುಚಿಯಾಗಿತ್ತು.

ಕೈ ತೊಳೆಯುವಾಗ ಹಿತ್ತಿಲಿನಿಂದ ಸದ್ದು ಕೇಳಿಸಿತು. ಕೆಂಪಿ ಮುಚ್ಚಿದ ಬಾಗಿಲ ಮುಂದೆ ನಿಂತಿದ್ದಳು. ನೆನೆದು, ಗರಿಯೆಲ್ಲ ಮೈಗಂಟಿ, ಅರ್ಧ ಆಗಿದ್ದಳು. ಬಾಗಿಲ ತಳವನ್ನು ಕುಕ್ಕಿ ಕುಕ್ಕಿ ಕೊಕ್ಕಿನ ತುದಿಯಲ್ಲಿ ರಕ್ತ. ಬಾಗಿಲು ತೆರೆದೆ. ಶೀಟು ಸೋರಿ ಬುಟ್ಟಿಯ ಹುಲ್ಲು ತೊಯ್ದಿತ್ತು. ಮೊಟ್ಟೆ ಮುಟ್ಟಿ ನೋಡಿದೆ, ಬಾವಿಯ ಕಲ್ಲಿನ ಹಾಗೆ ತಣ್ಣಗಿದ್ದವು. ಹುಲ್ಲು ಬದಲಾಯಿಸಿದೆ. ಅವಳು ನನ್ನ ಕೈ ಸರಿಯುವುದಕ್ಕೂ ಕಾಯದೆ ಹತ್ತಿ, ಹನ್ನೊಂದನ್ನೂ ಹೊಟ್ಟೆಯ ಕೆಳಗೆ ಎಳೆದುಕೊಂಡಳು.

ದೀಪ ಹಚ್ಚುವ ಹೊತ್ತಿಗೆ ಆಸ್ಪತ್ರೆಯಿಂದ ಫೋನು ಬಂತು. ಈ ಸಲ ಆ ಹುಡುಗಿಯಲ್ಲ, ಯಾರೋ ಗಂಡಸು. ಇವರು ಹೋದರು ಅಂದ. ಯಾವಾಗ ಅಂತ ನಾನು ಕೇಳಲಿಲ್ಲ. ತಿಂದೇ ಹೋಗಿರುತ್ತಾರೆ, ಲಿಂಗ ಕೈಗೆ ಬಂದ ಮೇಲೆ ಹೋದರಲ್ಲ, ಅದೊಂದನ್ನೇ ಹಿಡಿದುಕೊಂಡೆ. ನಮ್ಮಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ. ಅವರನ್ನು ಸಾಲಿನಲ್ಲಿ ಮಲಗಿಸಿ ಸುಟ್ಟರು. ವಿಶ್ವಾರಾಧ್ಯ ದೂರದಿಂದ ನೋಡಿ ಬಂದ. ಮೆಟ್ಟಿಲ ಕೆಳಗೆ ನಾನು, ಮೇಲೆ ಅವನು.

ಬಾಗಿಲ ಮೇಲೆ ಹದಿಮೂರು ಅಂತ ಬರೆದೆ. ಹದಿನಾಲ್ಕು ಬರೆದೆ. ಅವಳನ್ನು ಎತ್ತಬೇಕಲ್ಲ.

ಇಪ್ಪತ್ತೊಂದು ಬಂತು. ಏನೂ ಆಗಲಿಲ್ಲ. ಇಪ್ಪತ್ತೆರಡಕ್ಕೆ ಮೊಟ್ಟೆಯ ಮೇಲೆ ಕಿವಿಯಿಟ್ಟೆ. ಸದ್ದಿಲ್ಲ. ಅವಳು ಮಾತ್ರ ಹಾಗೇ ಕೂತಿದ್ದಳು.

ಇಪ್ಪತ್ತನಾಲ್ಕನೇ ದಿನ ವಿಶ್ವಾರಾಧ್ಯ ಮರಣದ ಕಾಗದ ತಂದು ಕೊಟ್ಟ. ಅವನು ಓದಿರಲಿಲ್ಲ, ಓದುವುದಕ್ಕೆ ಆಗಲಿಲ್ಲವಂತೆ. ನಾನು ನಲವತ್ತು ದಾಟಿದ ಮೇಲೆ ರಾತ್ರಿ ಶಾಲೆಯಲ್ಲಿ ಕಲಿತವಳು. ಏನೇ ಕಾಗದ ಬಂದರೂ ಮೇಲಿನಿಂದ ಕೆಳಗಿನವರೆಗೆ ಬೆರಳಿಟ್ಟು ಓದುತ್ತೇನೆ. ಹೆಸರು, ವಯಸ್ಸು, ತಂದೆಯ ಹೆಸರು. ಸಮಯ: ಬೆಳಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ.

ಬೆರಳು ಅಲ್ಲೇ ನಿಂತಿತು.

ಮರಿಯಣ್ಣ ಬಂದದ್ದು ಇಪ್ಪತ್ತಾರನೇ ದಿನ. ಟೆಸ್ಟ್ ಮಾಡಿಸಿಕೊಂಡು ಬಂದಿದ್ದ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ದೂರದಲ್ಲೇ ಕೂತ. ಮುಖ ಸೊರಗಿ, ಮಾಸ್ಕಿನ ದಾರ ಕಿವಿಯ ಹಿಂದೆ ಗಾಯ ಮಾಡಿತ್ತು.

"ಕೆಂಪಿ ಇನ್ನೂ ಕೂತವಳಾ ಅಮ್ಮ?" ಅಂತ ಏಳಲು ಹೋದ.

"ಅದು ಆಮೇಲೆ. ಕೂತ್ಕೋ. ಅವತ್ತು ಅವರು ತಿಂದ್ರಾ?"

"ತಿಂದ್ರಮ್ಮ. ಗಂಜಿ. ಒಂದ್ ಮೂರು ಚಮಚ." ಕಣ್ಣು ನೆಲದ ಮೇಲಿತ್ತು.

"ಕಾಗದ ಬಂತು ಮರಿಯಣ್ಣ. ನಾನೇ ಓದಿದೆ. ಹನ್ನೊಂದು ಹತ್ತು ಅಂತಿದೆ. ನೀನು ಈ ಗೋಡೆ ಹತ್ರ ಬಂದಾಗ ಹನ್ನೆರಡು ಹೊಡೀತಿತ್ತು."

ಹುಂಜ ಅವನ ಕಾಲ ಹತ್ತಿರ ಬಂದು ಕೆದರಿತು. ನಾನು ಕಾದೆ. ಕಾಯುವುದು ನನಗೆ ಹೊಸದಲ್ಲ.

"ಹಾಸಿಗೆ ಖಾಲಿ ಇತ್ತಮ್ಮ" ಅಂದ ಕೊನೆಗೆ. "ಹುಡುಗ್ರು ಕೆಳಕ್ ತಂದವ್ರೆ ಅಂದ್ರು. ಓಡ್ದೆ. ನನ್ ಗಾಡಿಗೇ ಹಾಕವ್ರೆ. ಚೀಟೀಲಿರೋ ಹೆಸರು ಹುಡುಗನ ಕೈಲಿ ಓದಿಸ್ದೆ, ಅಯ್ನೋರೇ. ಜಿಪ್ ತೆಗೆಯೋ ಹಂಗಿಲ್ಲ, ರೂಲ್ಸು. ತೆಗೆದೆ. ನೀವು ಕೈಗೇ ಕೊಡು ಅಂದಿದ್ರಲ್ಲ. ಫೋನಲ್ಲಿ ಹೇಳಕ್ಕೆ ಬಾಯ್ ಬರ್ಲಿಲ್ಲ ಕಣಮ್ಮ. ಹೊಡೆದ್ರೂ ಹೊಡೀರಿ."

"ಕೈ ಹೇಗಿತ್ತು?"

"ಇನ್ನೂ ಮೆತ್ತಗಿತ್ತು. ಎಡಗೈ ಸೂಜಿ ಚುಚ್ಚಿ ಚುಚ್ಚಿ ಊದಿತ್ತು. ಅಲ್ದೆ ಎಡಗೈಗೆ ದೇವ್ರನ್ನ ಎಂಗಮ್ಮ ಕೊಡದು? ಅಷ್ಟ್ ಗೊತ್ತಿಲ್ವಾ ನಂಗೆ? ಬಲಗೈಲಿ ಮಡಗಿ, ಬೆರಳು ಮಡಿಸಿ, ಬೀಳಬಾರ್ದು ಅಂತ ಆ ದಾರನೇ ಸುತ್ತಿ ಗಂಟಾಕ್ದೆ. ಉರಿಯೋವರ್ಗೂ ಅಲ್ಲೇ ನಿಂತಿದ್ದೆ. ಬಿಚ್ಚಿಲ್ಲ." ತಲೆ ಎತ್ತಿ ನೋಡಿದ. "ಸರಿ ಅಲ್ವಾಮ್ಮ?"

ನನ್ನ ಬೆರಳುಗಳಲ್ಲಿ ಅವರ ಎಡಗೈ ಮಣಿಕಟ್ಟು ಇತ್ತು. ಜ್ವರದ ಬಿಸಿ, ನಡುಕ, ಎಲ್ಲ ಇತ್ತು.

"ಅತ್ತಿಗೆ..." ಅಂತ ಮೇಲಿಂದ ದನಿ ಬಂತು. ವಿಶ್ವಾರಾಧ್ಯ ಕಟಕಟೆ ಹಿಡಿದು ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ಬಾಯಿ ತೆರೆದಿದ್ದ. ನಾನು ತಲೆಯೆತ್ತಿ ಅವನನ್ನು ನೋಡಿದೆ. ಬಾಯಿ ಮುಚ್ಚಿಕೊಂಡ. ಒಳಗೆ ಹೋದ.

"ಸರಿಯಾಗೇ ಇಟ್ಟಿದೀಯ ಕಣಪ್ಪ" ಅಂದೆ.

"ಬಲಗೈನೇ ಅಲ್ವಾ?"

"ಬಲಗೈನೇ."

ಅವನು ಮಾಸ್ಕಿನ ಮೇಲೇ ಮುಖ ಮುಚ್ಚಿಕೊಂಡು ಅತ್ತ. ಹತ್ತಿರ ಹೋಗಬಾರದು ಅನ್ನುವ ಕಾಲ. ಹೋಗಲಿಲ್ಲ.

ಆಮೇಲೆ ಎದ್ದು ಶೀಟಿನ ಮನೆಗೆ ಹೋದ. ಬಾಗಿಲ ಮೇಲೆ ನಾನು ಬರೆದಿದ್ದ ಸಂಖ್ಯೆಗಳನ್ನು ನೋಡಿದ. ಕೆಂಪಿಯನ್ನು ಒಂದು ಕೈಯಲ್ಲಿ ಎತ್ತಿ, ಇನ್ನೊಂದರಲ್ಲಿ ಒಂದು ಮೊಟ್ಟೆ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದ. ಒಳಗೆ ನೀರಿನ ಸದ್ದು. ಇನ್ನೊಂದು. ಮತ್ತೊಂದು. ಹನ್ನೊಂದೂ ನೋಡಿದ.

"ನಾನು ಬಾಗಿಲು ಹಾಕ್ಬಿಟ್ಟೆ ಮರಿಯಣ್ಣ. ಅವತ್ತೇ. ಮಳೇಲಿ ಸಂಜೆವರೆಗೂ ಹೊರಗಿದ್ದಳು."

"ಅದಕ್ಕಲ್ಲಮ್ಮ" ಅಂದ, ಮೊಟ್ಟೆಗಳನ್ನು ಲುಂಗಿಯ ಮಡಿಲಿಗೆ ತುಂಬಿಕೊಳ್ಳುತ್ತ. "ಮೊಟ್ಟೆನೇ ಹಳೇವು."

ಹಿತ್ತಿಲ ಮೂಲೆಯಲ್ಲಿ ಗುದ್ದಲಿಯಿಂದ ಗುಂಡಿ ತೋಡಿ ಹಾಕಿ ಮಣ್ಣು ಎಳೆದ. ಒಂದು ಒಡೆದು ನಾರಿತು. ಕೆಂಪಿ ಗುಂಡಿಯ ಕಡೆ ನೋಡಲೂ ಇಲ್ಲ. ಓಡಿ ಹೋಗಿ ಬುಟ್ಟಿಗೆ ಹತ್ತಿ, ಗರಿ ಉಬ್ಬಿಸಿ ಕೂತಳು. ಮರಿಯಣ್ಣ, "ಬುಟ್ಟಿ ತೆಗೆದುಬುಡ್ಲಾ?" ಅಂದ. ಈಗ ಬೇಡ ಅಂದೆ.

ಮಾರನೇ ದಿನ ಬೆಳಗ್ಗೆ ಪೂಜೆಗೆ ಕೂತೆ. ನನ್ನದೊಂದೇ. ಮುಗಿಸಿ, ನುಚ್ಚು, ನೀರು ತೆಗೆದುಕೊಂಡು ಹಿತ್ತಿಲಿಗೆ ಹೋದೆ. ಬರಿಯ ಹುಲ್ಲಿನ ಮೇಲೆ ಕೂತಿದ್ದಳು. ಎತ್ತಿದೆ. ಇನ್ನೂ ಹಗುರವಾಗಿದ್ದಳು, ಹೊಟ್ಟೆಯ ಕೆಳಗೆ ಇನ್ನೂ ಅದೇ ಬಿಸಿ. ಹೊರಗೆ ತಂದು ನುಚ್ಚಿನ ಮುಂದೆ ಬಿಟ್ಟೆ. ತಿನ್ನಲಿಲ್ಲ. ತಿರುಗಿ ಬಾಗಿಲ ಕಡೆ ನೋಡಿದಳು.

ಬಾಗಿಲಿಗೆ ನಾನು ಒಂದು ಕಲ್ಲು ಅಡ್ಡ ಇಟ್ಟಿದ್ದೆ, ಮುಚ್ಚಿಕೊಳ್ಳದ ಹಾಗೆ.

"ತಿನ್ನೇ" ಅಂದೆ. ಅವಳ ಪಕ್ಕದಲ್ಲಿ ಕೂತೆ.